ಡೋರಾ ಪ್ರಕರಣ: ಟ್ರಾನ್ಸ್‌ಫರೆನ್ಸ್ ಬಗ್ಗೆ ಯಾವಾಗ ಬಾಯಿ ಬಿಡಬೇಕು?

ತುಂಗಾತೀರ:
ನಮಸ್ಕಾರ. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್, ತಾನು ಡೋರಾ ಎಂದು ಕರೆದ ಹುಡುಗಿಯ ಚಿಕಿತ್ಸೆ ನಡೆಸಿದ್ದು 1900ರ ಅಕ್ಟೋಬರ್‌ನಿಂದ ಡಿಸೆಂಬರ್ 31ರವರೆಗೆ. ಅರ್ಧಕ್ಕೇ ನಿಂತುಹೋಯಿತು. ಟ್ರಾನ್ಸ್‌ಫರೆನ್ಸನ್ನು (ಹಳೆಯ ಸಂಬಂಧಗಳ ಭಾವನೆಗಳನ್ನು ಥೆರಪಿಸ್ಟ್ ಮೇಲೆ ಹೊರಿಸುವುದನ್ನು) ಹೊತ್ತಿಗೆ ಸರಿಯಾಗಿ ಹಿಡಿಯಲಾಗಲಿಲ್ಲ ಎಂದು 1905ರಲ್ಲಿ ಪ್ರಕಟವಾದ ವರದಿಯಲ್ಲಿ ಆತನೇ ಬರೆದಿದ್ದಾನೆ. ಆದರೆ 1913ರ ಲೇಖನದಲ್ಲಿ ಅದೇ ಫ್ರಾಯ್ಡ್, ಮಾತು ಸರಾಗವಾಗಿ ಬರುತ್ತಿರುವವರೆಗೆ ಟ್ರಾನ್ಸ್‌ಫರೆನ್ಸ್ ಸುದ್ದಿಗೆ ಹೋಗಬೇಡಿ, ಅದು ಪ್ರತಿರೋಧವಾಗುವ, ಅಂದರೆ ಚಿಕಿತ್ಸೆಗೇ ಅಡ್ಡ ನಿಲ್ಲುವ ತನಕ ಕಾಯಿರಿ ಅನ್ನುತ್ತಾನೆ. ಒಂದು ಕಡೆ ತಡವಾಯಿತು, ಇನ್ನೊಂದು ಕಡೆ ಕಾಯಿರಿ. ಇದನ್ನು ಹೊಂದಿಸಿಕೊಳ್ಳೋದು ಹೇಗೆ?

ಜೊತೆಗೆ, ಚಿಕಿತ್ಸೆಗೆ ಬಂದು ಎದುರಿಗೆ ಕೂತವರು "ನೀವು ನನ್ನ ಮಾತು ಕೇಳಿಸಿಕೊಳ್ತಾನೇ ಇಲ್ಲ" ಅಂದರೆ ಅದು ಟ್ರಾನ್ಸ್‌ಫರೆನ್ಸೋ, ನ್ಯಾಯವಾದ ದೂರೋ? ತಿಳಿದವರು ಬಿಡಿಸಿ ಹೇಳಿ. ವ್ಯಾಖ್ಯೆ ಬೇಡ, ಅದು ಎಲ್ಲ ಗೈಡ್‌ಗಳಲ್ಲೂ ಇದೆ.

ಹಳೇ ದಿವಾನ:
ಎರಡಕ್ಕೂ ಜಗಳವಿಲ್ಲ. ಡೋರಾ ವಿಷಯದಲ್ಲಿ ಟ್ರಾನ್ಸ್‌ಫರೆನ್ಸ್ ಆಗಲೇ ಪ್ರತಿರೋಧವಾಗಿ ನಿಂತಿತ್ತು. ಫ್ರಾಯ್ಡ್ ಮಾತ್ರ ಕನಸಿನ ಅರ್ಥ ಬಿಡಿಸುವುದರಲ್ಲೇ ಮುಳುಗಿದ್ದ.

ಮೊದಲ ಕನಸನ್ನೇ ತಗೊಳ್ಳಿ. ಮನೆಗೆ ಬೆಂಕಿ ಬಿದ್ದಿದೆ. ಅಪ್ಪ ಹಾಸಿಗೆ ಪಕ್ಕ ನಿಂತು ಎಬ್ಬಿಸುತ್ತಾನೆ. ಅಮ್ಮನಿಗೆ ಒಡವೆ ಪೆಟ್ಟಿಗೆಯ ಚಿಂತೆ. ನಿನ್ನ ಪೆಟ್ಟಿಗೆಗೋಸ್ಕರ ನಾನೂ ಮಕ್ಕಳೂ ಸುಟ್ಟುಹೋಗಬೇಕಾ ಎಂದು ಅಪ್ಪ ಗದರುತ್ತಾನೆ. ಈ ಕನಸು ಮೊದಲು ಬಿದ್ದದ್ದು ಸರೋವರದ ದಂಡೆಯ ಊರಿನಲ್ಲಿ. ಅಪ್ಪನ ಗೆಳೆಯ ಹೆರ್ ಕೆ. ಅಲ್ಲಿ ಅವಳ ಹಿಂದೆ ಬಿದ್ದು ಕಪಾಳಕ್ಕೆ ಏಟು ತಿಂದಿದ್ದ. ಅದಾದ ಮೇಲೂ ಅವಳು ಅದೇ ಮನೆಯಲ್ಲಿ ಇರಬೇಕಾಗಿ ಬಂದಿತ್ತು. ಈ ಮನೆ ಬಿಟ್ಟು ಹೊರಡಬೇಕು ಎಂಬ ನಿಶ್ಚಯ ಆ ಕನಸಿನಲ್ಲಿತ್ತು. ಅದೇ ಕನಸು ಚಿಕಿತ್ಸೆಯ ನಡುವೆ ಮತ್ತೆ ಬಿತ್ತು. ಅಂದರೆ ಈ ಕೋಣೆಯನ್ನೂ ಬಿಟ್ಟು ಹೊರಡಬೇಕು.

ಎಚ್ಚರವಾದಾಗ ಪ್ರತಿ ಸಲವೂ ಹೊಗೆ ವಾಸನೆ ಬರುತ್ತಿತ್ತು ಎಂದು ಅವಳು ಆಮೇಲೆ ಸೇರಿಸಿದಳು. ಅಪ್ಪ, ಕೆ., ಫ್ರಾಯ್ಡ್ ಮೂವರೂ ವಿಪರೀತ ಸೇದುವವರು. ಸುಳಿವು ಅಷ್ಟು ಹತ್ತಿರ ಬಂದಿತ್ತು. ಆಗ ಏನು ಕೇಳಬೇಕಿತ್ತು ಎಂಬುದೂ ಆ ವರದಿಗೆ ಫ್ರಾಯ್ಡ್ ಬರೆದ ಅನುಬಂಧದಲ್ಲೇ ಇದೆ: ಕೆ. ಮೇಲಿದ್ದದ್ದನ್ನು ನನ್ನ ಮೇಲೆ ಹೊರಿಸುತ್ತಿದ್ದೀಯ; ಅವನ ಹಾಗೆ ನನಗೂ ಕೆಟ್ಟ ಉದ್ದೇಶ ಇದೆ ಅನ್ನಿಸುವಂಥದ್ದು ಏನಾದರೂ ಕಂಡೆಯಾ? ಈ ಪ್ರಶ್ನೆ ಬಾಯಿಗೆ ಬರಲಿಲ್ಲ, ಅಷ್ಟೇ.

ಕೊನೆಯ ದಿನ ಇನ್ನೂ ಸ್ಪಷ್ಟ. ಇವತ್ತಿಗೆ ಮುಗೀತು ಅಂದಳು. ಯಾವಾಗ ತೀರ್ಮಾನಿಸಿದೆ ಅಂದರೆ ಹದಿನೈದು ದಿನದ ಹಿಂದೆ. ಮನೆಗೆಲಸದವರು ಮುಂಚಿತವಾಗಿ ನೋಟಿಸ್ ಕೊಟ್ಟ ಹಾಗಿದೆಯಲ್ಲ ಎಂದ ಫ್ರಾಯ್ಡ್. ಆ ಮಾತಿಗೆ ಕೆ. ಮನೆಯಲ್ಲಿ ಹಾಗೇ ನೋಟಿಸ್ ಕೊಟ್ಟಿದ್ದ ಗವರ್ನೆಸ್ (ಮಕ್ಕಳನ್ನು ನೋಡಿಕೊಳ್ಳುವವಳು) ಕಥೆ ಹೊರಬಿತ್ತು. ಹೆಂಡತಿಯಿಂದ ನನಗೇನೂ ಸಿಗುತ್ತಿಲ್ಲ ಎಂದು ಕೆ. ಅವಳ ಹತ್ತಿರವೂ ಗೋಗರೆದಿದ್ದ. ಡೋರಾಳಿಗೆ ಅಂದದ್ದೂ ಅದೇ ಮಾತು. ತನ್ನನ್ನು ಕೆಲಸದವಳಂತೆ ಕಂಡ ಸಿಟ್ಟನ್ನು ಅವಳು ಫ್ರಾಯ್ಡ್ ಮೇಲೆ ನಡೆಸಿ ತೋರಿಸಿದಳು. ನೆನಪಾಗಿ ಬಾರದ್ದು ನಡವಳಿಕೆಯಾಗಿ ಮರುಕಳಿಸುತ್ತದೆ ಎಂಬ ಫ್ರಾಯ್ಡ್‌ನ 1914ರ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗೋದು ಕಷ್ಟ.

ಕರಿಹಲಗೆ:
ದಿವಾನ ಅವರು ಹೇಳಿದ್ದಕ್ಕೆ ಕೆಲಸದ ಭಾಗ ಸೇರಿಸುತ್ತೇನೆ. ಟ್ರಾನ್ಸ್‌ಫರೆನ್ಸ್ ಪ್ರತಿರೋಧವಾಯಿತು ಎಂದು ಗೊತ್ತಾಗುವುದು ಹೇಗೆ? ಹರಿಯುತ್ತಿದ್ದ ಮಾತು ಗಕ್ಕನೆ ನಿಂತು "ಏನೂ ಹೊಳೀತಿಲ್ಲ" ಅಂತ ಬಂದರೆ, ಆ ಗಳಿಗೆಯಲ್ಲಿ ತಲೆಯಲ್ಲಿ ಓಡುತ್ತಿರುವುದು ಬಹುಪಾಲು ಥೆರಪಿಸ್ಟ್‌ಗೆ ಸಂಬಂಧಿಸಿದ್ದೇ. ಇದು ಫ್ರಾಯ್ಡ್ 1912ರಲ್ಲೇ ಹೇಳಿದ ಗುರುತು. ತಡವಾಗಿ ಬರುವುದು, ಫೀಸು ಮರೆಯುವುದು, ನಿಮ್ಮ ರಜೆ ಮುಗಿದ ಮೊದಲ ಸೆಷನ್ ತಪ್ಪಿಸುವುದು, ಎರಡೇ ವಾರಕ್ಕೆ "ಎಲ್ಲ ಸರಿಹೋಯ್ತು ಡಾಕ್ಟ್ರೇ" ಅನ್ನುವುದು ಕೂಡ ಇದೇ ಜಾತಿ. ಒಂದು ಸಲಕ್ಕೆ ಟ್ರಾಫಿಕ್ ಕಾರಣ ಇರಬಹುದು. ಸಾಲಾಗಿ ಆದರೆ ಕೇಳಲೇಬೇಕು.

ಹೇಳುವಾಗ ಮೊದಲು ತಡೆ, ಆಮೇಲೆ ತಡೆಯ ಹಿಂದಿರುವುದು. ಮೊದಲು ಈ ಕೋಣೆ, ಆಮೇಲೆ ಬಾಲ್ಯ. ಒಂದೆರಡು ವಾಕ್ಯ ಸಾಕು. ಉದಾಹರಣೆಗೆ: "ನನ್ನ ರಜೆ ವಿಷಯ ಹೇಳಿದಾಗಿನಿಂದ ನೀವು ಮಾತು ಕಡಿಮೆ ಮಾಡಿದ ಹಾಗಿದೆ. ಬೇಜಾರು ಹೇಳಿಕೊಂಡರೆ ನಾನು ಏನಂದುಕೊಳ್ತೀನೋ ಅಂತ ಇರಬಹುದಾ?" ಇಷ್ಟು ಹೇಳಿ ಸುಮ್ಮನಾಗಿ. ಅಪ್ಪನನ್ನು ಎಳೆದು ತರಬೇಡಿ, ಅಪ್ಪ ತಾನಾಗೇ ಬರುತ್ತಾನೆ.

ಹೊಸಬರಲ್ಲಿ ಸಾಮಾನ್ಯವಾಗಿ ಕೆಡುವುದು ಇಲ್ಲೇ. ಮೂರನೇ ಸೆಷನ್‌ನಲ್ಲೇ "ನಿಮಗೆ ನನ್ನಲ್ಲಿ ನಿಮ್ಮ ಅಪ್ಪ ಕಾಣ್ತಾರೆ" ಅಂದುಬಿಡುತ್ತಾರೆ. ಎದುರಿಗಿರುವವರು ಪಾಠ ಕೇಳಿದಂತೆ ತಲೆಯಾಡಿಸುತ್ತಾರೆ, ಒಳಗೆ ಏನೂ ಅಲುಗುವುದಿಲ್ಲ. ಭಾವನೆ ಆ ಗಳಿಗೆಯಲ್ಲಿ ಥೆರಪಿಸ್ಟ್ ಕಡೆಗೇ ಜೀವಂತವಾಗಿರಬೇಕು, ಮನಸ್ಸಿನಲ್ಲಿರುವ ಆ ಹಳೆಯ ವ್ಯಕ್ತಿಗೂ ಎದುರಿಗೆ ಕೂತವರಿಗೂ ಇರುವ ವ್ಯತ್ಯಾಸ ಕಾಣುವಷ್ಟು ತ್ರಾಣವೂ ಇರಬೇಕು ಎಂದು ಮನೋವಿಶ್ಲೇಷಕ ಸ್ಟ್ರೇಚಿ 1934ರಲ್ಲಿ ಹೇಳಿದ್ದು ಇದಕ್ಕೇ. 50 ನಿಮಿಷದ ಸೆಷನ್‌ನ ಕೊನೆಯ ಐದು ನಿಮಿಷದಲ್ಲಂತೂ ಬೇಡ. ಎದ್ದ ಭಾವನೆಯನ್ನು ಅರಗಿಸಿಕೊಳ್ಳಲು ಹೊತ್ತಿರುವುದಿಲ್ಲ.

ಸರಿ ಹೇಳಿದೆವೋ ಇಲ್ಲವೋ ಎಂಬುದಕ್ಕೆ "ಹೌದು" ಸಾಕ್ಷಿಯಾಗದು, "ಇಲ್ಲ" ಕೂಡ. ಆಮೇಲೆ ಹೊಸ ನೆನಪು, ಹೊಸ ಕನಸು, ಇಲ್ಲವೇ ಮುಂಚೆ ಬಾರದ ಸಿಟ್ಟು ಬಂತೇ ನೋಡಿ. ಫ್ರಾಯ್ಡ್‌ನ 1937ರ ಲೇಖನದ ತಿರುಳು ಇದೇ.

ದಡದಾಚೆ:
ಎಲ್ಲವನ್ನೂ ಟ್ರಾನ್ಸ್‌ಫರೆನ್ಸ್ ಖಾತೆಗೆ ಹಾಕುವುದಕ್ಕೆ ನನ್ನ ತಕರಾರಿದೆ. ಡೋರಾಳನ್ನು ಕರೆತಂದವನು ಅಪ್ಪ. ಆತ ಮೊದಲೇ ಫ್ರಾಯ್ಡ್ ಹತ್ತಿರ ಸಿಫಿಲಿಸ್ ಸಂಬಂಧದ ತೊಂದರೆಗೆ ಚಿಕಿತ್ಸೆ ಪಡೆದವನು. ಕೆ.ಯ ಹೆಂಡತಿಯ ಜೊತೆ ಅವನಿಗೆ ಸಂಬಂಧವಿತ್ತು. ಸರೋವರದ ಘಟನೆ ಮಗಳ ಕಲ್ಪನೆ ಎಂದು ತಳ್ಳಿಹಾಕಿ, ಅವಳಿಗೆ ಬುದ್ಧಿ ಹೇಳಿ ಎಂದು ಫ್ರಾಯ್ಡ್‌ಗೆ ಒಪ್ಪಿಸಿದ. ಹೀಗಿರುವಾಗ 18ರ ಹುಡುಗಿ, ಈ ವೈದ್ಯ ನನ್ನ ಹತ್ತಿರ ನೇರವಾಗಿದ್ದಾನೋ ಇಲ್ಲವೋ ಎಂದು ಅನುಮಾನಿಸಿದರೆ ಅದರಲ್ಲಿ ಅರ್ಧ ವಾಸ್ತವವೇ.

ಫ್ರಾಯ್ಡ್ ಆ ಅನುಮಾನಕ್ಕೆ ಆಧಾರವನ್ನೂ ಒದಗಿಸಿದ. ಕೊನೆಯ ಸೆಷನ್‌ನಲ್ಲಿ, ಕೆ. ವಿಚ್ಛೇದನ ಪಡೆದು ನಿನ್ನನ್ನು ಮದುವೆಯಾಗುವುದೇ ಎಲ್ಲರಿಗೂ ಇದ್ದ ಏಕೈಕ ದಾರಿಯಾಗಿತ್ತು ಎಂಬರ್ಥದ ಮಾತು ಆಡಿದ. ಅವಳು ಎಂದಿನಂತೆ ಎದುರಾಡಲಿಲ್ಲ, ಹೊಸ ವರ್ಷದ ಶುಭಾಶಯ ಹೇಳಿ ಹೋದಳು, ಮತ್ತೆ ಚಿಕಿತ್ಸೆಗೆ ಬರಲಿಲ್ಲ. ಇಲ್ಲಿ ಫ್ರಾಯ್ಡ್‌ನ ಕೌಂಟರ್‌ಟ್ರಾನ್ಸ್‌ಫರೆನ್ಸ್ (ರೋಗಿಯ ಬಗ್ಗೆ ಥೆರಪಿಸ್ಟ್‌ನಲ್ಲೇ ಏಳುವ ಭಾವನೆ) ಕೂಡ ಕೆಲಸ ಮಾಡಿದೆ, ಆದರೆ ಅನುಬಂಧದಲ್ಲಿ ಅದರ ಲೆಕ್ಕ ಇಲ್ಲ. ಥೆರಪಿಸ್ಟ್‌ನ ಭಾವನೆಯನ್ನೂ ಸಾಧನವಾಗಿ ಬಳಸಬಹುದು ಎಂದು ಮನೋವಿಶ್ಲೇಷಕಿ ಪೌಲಾ ಹೈಮನ್ ಬರೆಯುವ ಹೊತ್ತಿಗೆ 1950 ಆಗಿತ್ತು.

"ಕೇಳಿಸಿಕೊಳ್ತಿಲ್ಲ" ಅಂದರೆ ಮೊದಲು ನಿಮ್ಮನ್ನೇ ನೋಡಿಕೊಳ್ಳಿ. ಗಡಿಯಾರ ನೋಡಿದಿರಾ? ಹೋದ ಸಲ ಹೇಳಿದ್ದನ್ನು ಮತ್ತೆ ಕೇಳಿದಿರಾ? ಹೌದಾದರೆ ಒಂದೇ ವಾಕ್ಯದಲ್ಲಿ ಒಪ್ಪಿಕೊಳ್ಳಿ, ಸಮಜಾಯಿಷಿ ಬೇಡ, ಆಮೇಲೆ ಅದು ಅವರಿಗೆ ಹೇಗಾಯಿತು ಕೇಳಿ. ತಪ್ಪು ಸಣ್ಣದು, ಉರಿ ದೊಡ್ಡದು ಅಂದಾಗ ಆ ವ್ಯತ್ಯಾಸದಲ್ಲಿ ಹಳೆಯದು ಸಿಗುತ್ತದೆ. ಒಪ್ಪಿಕೊಳ್ಳದೆ ನೇರ ಇಂಟರ್‌ಪ್ರಿಟೇಷನ್‌ಗೆ (ಒಳಗಿನ ಅರ್ಥ ಬಿಡಿಸಿ ಹೇಳುವುದಕ್ಕೆ) ಹಾರಿದರೆ, ಡೋರಾಳ ಅಪ್ಪ ಮಾಡಿದ್ದನ್ನೇ ಮಾಡಿದ ಹಾಗಾಗುತ್ತದೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಕಡೇ ಪ್ರಶ್ನೆ: ವಾರಕ್ಕೆ ಒಂದೇ ಸೆಷನ್, ಕುರ್ಚಿಯಲ್ಲಿ ಎದುರುಬದುರು. ಅಲ್ಲೂ ಇದೇ ಲೆಕ್ಕವಾ?

ಕರಿಹಲಗೆ:
ಪೂರ್ತಿ ಅಲ್ಲ. ಫ್ರಾಯ್ಡ್ ವಾರಕ್ಕೆ ಆರು ದಿನ ನೋಡುತ್ತಿದ್ದ, ಈಗಿನ ಮನೋವಿಶ್ಲೇಷಣೆ ವಾರಕ್ಕೆ ಮೂರರಿಂದ ಐದು ದಿನ. ವಾರಕ್ಕೊಂದಾದರೆ ಎಬ್ಬಿಸಿದ್ದನ್ನು ಏಳು ದಿನ ಅವರೊಬ್ಬರೇ ಹೊರಬೇಕು. ಅಲ್ಪಾವಧಿ ಥೆರಪಿಯಲ್ಲಿ ಟ್ರಾನ್ಸ್‌ಫರೆನ್ಸ್ ಮಾತಿನ ಪಾಲು ಹೆಚ್ಚಾದ ಕಡೆ ಸಂಬಂಧವೂ ಫಲಿತಾಂಶವೂ ದುರ್ಬಲವಾಗಿದ್ದನ್ನು ಪೈಪರ್ ಎಂಬ ಸಂಶೋಧಕನ ತಂಡ 1991ರಲ್ಲಿ ತೋರಿಸಿತು. ನಾರ್ವೆಯಲ್ಲಿ ಹೋಗ್ಲೆಂಡ್ ತಂಡ 100 ಜನರನ್ನು ಎರಡು ಗುಂಪು ಮಾಡಿ, ವಾರಕ್ಕೊಂದರಂತೆ ಒಂದು ವರ್ಷ ಚಿಕಿತ್ಸೆ ನಡೆಸಿತು. ಒಂದು ಗುಂಪಿಗೆ ಮಿತವಾಗಿ ಟ್ರಾನ್ಸ್‌ಫರೆನ್ಸ್ ಇಂಟರ್‌ಪ್ರಿಟೇಷನ್, ಇನ್ನೊಂದಕ್ಕೆ ಇಲ್ಲವೇ ಇಲ್ಲ. 2006ರ ವರದಿಯಲ್ಲಿ ಒಟ್ಟಾರೆ ಸರಾಸರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಗಟ್ಟಿ ಸಂಬಂಧ ಉಳಿಸಿಕೊಳ್ಳಲು ಬದುಕಿಡೀ ಕಷ್ಟಪಟ್ಟವರಿಗೆ ಅದರಿಂದ ಹೆಚ್ಚು ಉಪಯೋಗವಾಗಿತ್ತು. ಎಲ್ಲರೂ ಊಹಿಸಿದ್ದು ಇದರ ಉಲ್ಟಾ.

ಹಾಗಾಗಿ ಸೌಮ್ಯವಾದ ವಿಶ್ವಾಸ ಇದ್ದರೆ ಅದನ್ನು ಕೆದಕಬೇಡಿ, ಕೆಲಸ ನಡೆಯುವುದೇ ಅದರ ಮೇಲೆ. ಬಿಟ್ಟುಹೋಗುವ ಸೂಚನೆ ಕಂಡ ದಿನ ಮಾತ್ರ ಮುಂದಿನ ವಾರಕ್ಕೆ ಮುಂದೂಡಬೇಡಿ, ಸೆಷನ್‌ನ ಮೊದಲರ್ಧದಲ್ಲೇ ಎತ್ತಿಕೊಳ್ಳಿ.