‘ನೇಣು ಬಿಗಿದುಕೊಂಡು’: ಈ ‘ಕೊಂಡು’ ಇಲ್ಲದೆ ಹೇಗೆ ಬರೆಯುವುದು?

ಗೆಳೆಯರೇ, ನಮಸ್ಕಾರ.

ಒಂದು ಪದಕ್ಕಾಗಿ ನಿಮ್ಮ ಸಹಾಯ ಬೇಕು. ನಾನು ವಕೀಲರೊಬ್ಬರ ಆಫೀಸಿನಲ್ಲಿ ಇಂಗ್ಲಿಷ್ ದಾಖಲೆಗಳನ್ನು ಕನ್ನಡಕ್ಕೆ ಮಾಡಿಕೊಡುತ್ತೇನೆ. ಕಳೆದ ವಾರ ಒಂದು ಪೋಸ್ಟ್‌ಮಾರ್ಟಂ ವರದಿ ಬಂತು. ಸಾವಿನ ಕಾರಣ ಅನ್ನುವ ಕಡೆ ‘ಆಸ್ಫಿಕ್ಸಿಯಾ ಡ್ಯೂ ಟು ಆಂಟಿಮಾರ್ಟಮ್ ಹ್ಯಾಂಗಿಂಗ್’ ಎಂದಿತ್ತು. ನಾನು ‘ನೇಣು ಬಿಗಿದುಕೊಂಡಿದ್ದರಿಂದ ಉಸಿರುಕಟ್ಟಿ ಸಾವು’ ಎಂದು ಬರೆದೆ. ಪೇಪರಿನಲ್ಲಿ ದಿನಾ ಓದುವ ಸಾಲು, ಕೈ ತಾನಾಗಿ ಬರೆದುಬಿಟ್ಟಿತು.

ತೀರಿಕೊಂಡ ಹುಡುಗಿಯ ಅಪ್ಪ ಎದುರಿಗೇ ಕೂತಿದ್ದರು. ನಿಧಾನವಾಗಿ ಓದಿ, ‘ಬಿಗಿದುಕೊಂಡಿದ್ದರಿಂದ’ ಅನ್ನುವುದರ ಮೇಲೆ ಬೆರಳಿಟ್ಟರು. ‘ಅವಳೇ ಮಾಡ್ಕೊಂಡ್ಳು ಅಂತ ಡಾಕ್ಟ್ರು ಬರ್ದಿದಾರಾ ಸಾರ್?’ ಎಂದು ಕೇಳಿದರು.

ವರದಿಯನ್ನು ಮತ್ತೆ ನೋಡಿದೆ. ಡಾಕ್ಟರು ಹಾಗೆ ಬರೆದೇ ಇರಲಿಲ್ಲ. ಅದನ್ನು ಸೇರಿಸಿದ್ದು ನಾನು. ಅಷ್ಟೇ ಅಲ್ಲ, ‘ಆಂಟಿಮಾರ್ಟಮ್’ ಅನ್ನುವುದನ್ನು ಬಿಟ್ಟೂ ಬಿಟ್ಟಿದ್ದೆ. ನೇಣು ಬಿಗಿದಾಗ ಜೀವ ಇತ್ತು ಎಂದು ಅದರ ಅರ್ಥ. ಕೊಂದು ಆಮೇಲೆ ನೇತುಹಾಕುವುದೂ ಉಂಟಲ್ವಾ? ಅದಕ್ಕೇ ಆ ಒಂದು ಮಾತು ವರದಿಯಲ್ಲಿ ಇರುತ್ತದೆ.

ಹ್ಯಾಂಗಿಂಗ್ ಎಂದರೆ ವೈದ್ಯರ ಲೆಕ್ಕದಲ್ಲಿ ಇಷ್ಟೇ: ಮೈಭಾರಕ್ಕೆ ಕೊರಳು ಬಿಗಿಯುವುದು. ಬೇರೆ ಬಲದಿಂದ ಬಿಗಿದರೆ ಅದು ಸ್ಟ್ರಾಂಗ್ಯುಲೇಶನ್. ಕೊರಳಿನ ಗುರುತು ಓರೆಯಾಗಿ ಮೇಲಕ್ಕೆ ಹೋಗಿದೆಯೋ, ಅಡ್ಡಡ್ಡ ಸುತ್ತಿಕೊಂಡಿದೆಯೋ ಎಂದು ನೋಡಿ ಸಾಮಾನ್ಯವಾಗಿ ಈ ಎರಡನ್ನು ಬೇರೆ ಮಾಡುತ್ತಾರೆ. ಸಾವಿನ ಕಾರಣದ ಸಾಲು ಅಲ್ಲಿಗೆ ನಿಲ್ಲುತ್ತದೆ. ಹಗ್ಗ ಹಾಕಿದ್ದು ಯಾರ ಕೈ ಎಂದು ಅದು ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಕೋರ್ಟು. ವೈದ್ಯರದ್ದು ತಜ್ಞರ ಅಭಿಪ್ರಾಯ. ಇಂಥ ಅಭಿಪ್ರಾಯದ ಬಗ್ಗೆ 1872ರ ಸಾಕ್ಷ್ಯ ಕಾಯ್ದೆಯಲ್ಲಿ 45ನೇ ಸೆಕ್ಷನ್ ಇದ್ದದ್ದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 39 ಆಗಿದೆ.

ನಮ್ಮ ‘ಕೊಳ್ಳು’ ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ‘ನೇಣು ಬಿಗಿದು’ ಎಂದರೆ ಬೇರೆಯವರು ಬಿಗಿದಂತೆ ಕೇಳಿಸುತ್ತದೆ, ‘ಬಿಗಿದುಕೊಂಡು’ ಎಂದರೆ ತಾನೇ ಮಾಡಿಕೊಂಡಂತೆ. ಮೊದಲನೆಯದು ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್, ಕೊಲೆ. ಎರಡನೆಯದರಲ್ಲಿ ಯಾರಾದರೂ ಪ್ರಚೋದಿಸಿದ್ದರೆ ಸಾಮಾನ್ಯವಾಗಿ 108, ಆತ್ಮಹತ್ಯೆಗೆ ಪ್ರಚೋದನೆ. ಎರಡೇ ಅಕ್ಷರಕ್ಕೆ ಇಷ್ಟು ದೂರ. ‘ನೇಣಿಗೆ ಶರಣು’ ಎಂಬ ಪೇಪರಿನ ಮಾತಂತೂ ತೀರ್ಪನ್ನೇ ಕೊಟ್ಟುಬಿಡುತ್ತದೆ. ಪೋಸ್ಟ್‌ಮಾರ್ಟಂ ಮುಗಿಯುವ ಮೊದಲೇ ಅದು ಅಚ್ಚಾಗಿರುತ್ತದೆ. ನನಗೆ ಇದು ತುಂಬ ನೋವಿನ ಸಂಗತಿ.

ಬೇರೆ ಸಾವುಗಳಿಗೆ ಈ ತೊಂದರೆ ಇಲ್ಲ. ‘ನೀರಿನಲ್ಲಿ ಮುಳುಗಿ’, ‘ಸುಟ್ಟ ಗಾಯಗಳಿಂದ’, ‘ಹೊಟ್ಟೆಗೆ ವಿಷ ಸೇರಿ’. ಯಾರು ಮಾಡಿದ್ದು ಎಂಬ ಸುದ್ದಿಗೇ ಹೋಗದೆ ಹೇಳಬಹುದು. (‘ವಿಷ ಕುಡಿದು’ ಎಂದು ಬರೆದರೆ ಮತ್ತೆ ಅದೇ ಕಥೆ.) ನೇಣಿನ ಹತ್ತಿರ ಬಂದಾಗಲೇ ಕನ್ನಡ ಕೈಕೊಡುತ್ತದೆ.

ಸದ್ಯಕ್ಕೆ ‘ಜೀವ ಇದ್ದಾಗಲೇ ಮೈಭಾರಕ್ಕೆ ಕೊರಳು ಬಿಗಿದು, ಉಸಿರುಕಟ್ಟಿ ಸಾವು’ ಎಂದು ತಿದ್ದಿಕೊಟ್ಟಿದ್ದೇನೆ. ಆ ಅಪ್ಪನಿಗೆ ಅರ್ಥವಾಯಿತು. ಆದರೆ ಶವ ಪಂಚನಾಮೆಯ ಒಂದು ಕಾಲಮ್ಮಿನಲ್ಲಿ ಇಷ್ಟುದ್ದ ಹಿಡಿಸುವುದಿಲ್ಲ. ‘ನೇಣುಬಿಗಿತ’ ಎಂಬ ಹೆಸರುಪದ ಹೇಗೆ? ನೇಣು ಎಂದರೆ ಹಳಗನ್ನಡದಿಂದಲೂ ಹಗ್ಗವೇ. ನನಗಿರುವ ಅನುಮಾನ ಒಂದೇ: ಹಗ್ಗದಿಂದ ಕೊರಳು ಬಿಗಿದು ಕೊಂದದ್ದಕ್ಕೂ ಅದನ್ನೇ ಬಳಸಿಬಿಡಬಹುದು. ‘ನೇತುಬಿಗಿತ’ ಎಂದರೆ ಆ ಗೊಂದಲ ಹೋಗುತ್ತದೆ, ಆದರೆ ಕಿವಿಗೆ ಹೊಸದು.

ನಿಮ್ಮ ಊರಿನ ಕಡೆ, ಪೊಲೀಸರ ಅಥವಾ ಶವಾಗಾರದ ಸಿಬ್ಬಂದಿಯ ಮಾತಿನಲ್ಲಿ ಇದಕ್ಕೆ ಬೇರೆ ಪದ ಕೇಳಿದ್ದೀರಾ? ಹಳೆಯ ಪಂಚನಾಮೆಗಳನ್ನು ಓದಿದವರು ಇದ್ದರೆ ದಯವಿಟ್ಟು ಬರೆಯಿರಿ. ಇಂಥದ್ದೇ ಇನ್ನೊಂದು ವರದಿ ಮೇಜಿನ ಮೇಲಿದೆ, ಸೋಮವಾರ ಕೊಡಬೇಕು.