ಮಹಾರಾಷ್ಟ್ರದ ಗಡಿಗುಂಟ ಬೈಕಿನಲ್ಲಿ ಒಂದು ಸುತ್ತು: ಹೋಗಿ ಬಂದವರು ದಯವಿಟ್ಟು ತಿಳಿಸಿ

ಕೇಳಿದವರು: ವಿಜಯಪುರದವರು, ಈಗ ಪುಣೆಯ ಹಡಪಸರದಲ್ಲಿ ವಾಸ

ನಮಸ್ಕಾರ. ಬರುವ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಗಡಿಯನ್ನು ಆದಷ್ಟು ಹತ್ತಿರದಿಂದ ಹಿಡಿದುಕೊಂಡು ಇಡೀ ರಾಜ್ಯಕ್ಕೆ ಒಂದು ಸುತ್ತು ಬರಬೇಕೆಂದು ನಾನೂ ನನ್ನ ಸಹೋದ್ಯೋಗಿಯೊಬ್ಬರೂ ನಿಶ್ಚಯಿಸಿದ್ದೇವೆ. ಇಬ್ಬರ ಬಳಿಯೂ 350 ಸಿಸಿ ಬೈಕುಗಳಿವೆ. ನನ್ನದು ಕರ್ನಾಟಕದ ನೋಂದಣಿಯದು. ಸಿಗುವ ರಜೆ 9 ದಿನ. ದಿನಕ್ಕೆ 400 ಕಿ.ಮೀ. ಓಡಿಸಿದರೆ ಮುಗಿಯಬಹುದೆಂದು ಅಂದಾಜು ಮಾಡಿದ್ದೇವೆ. ಗಡಿಯ ಮೇಲೆ ರಸ್ತೆಯೇ ಇಲ್ಲದ ಕಡೆ ಏನು ಮಾಡಬೇಕು, ಗಡಚಿರೋಲಿಯ ತುದಿಯವರೆಗೆ ಹೋಗಲೇಬೇಕೇ, ಸುತ್ತು ಪೂರ್ತಿಯಾದದ್ದಕ್ಕೆ ದಾಖಲೆ ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಪಿಂಪ್ರಿಯಿಂದ ಒಬ್ಬರು:

ಈ ಸುತ್ತನ್ನು ನಾನು ಎರಡು ವರ್ಷಗಳ ಹಿಂದೆ, ಡಿಸೆಂಬರಿನಲ್ಲಿಯೇ, ಒಬ್ಬನೇ ಮಾಡಿದ್ದೇನೆ. ಕರಾವಳಿಯನ್ನು ಬಿಟ್ಟು, ಪುಣೆಯಿಂದ ಹೊರಟು ಪುಣೆಗೆ ಮರಳುವ ಹೊತ್ತಿಗೆ 3,700 ಕಿ.ಮೀ.ಗೆ ಸ್ವಲ್ಪ ಹೆಚ್ಚಾಗಿತ್ತು, 13 ದಿನ ಹಿಡಿದಿತ್ತು. ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ, ನಿಮ್ಮ 9 ದಿನದ ಲೆಕ್ಕ ನಡೆಯುವುದಿಲ್ಲ. ದಿನಕ್ಕೆ 400 ಕಿ.ಮೀ. ಎನ್ನುವುದು ಹೆದ್ದಾರಿಯ ಲೆಕ್ಕ. ಗಡಿ ತಾಲ್ಲೂಕುಗಳ ರಸ್ತೆಯಲ್ಲಿ ಹಳ್ಳಿಗೊಂದು ಬಣ್ಣ ಬಳಿಯದ ಉಬ್ಬು, ಹಳ್ಳಕ್ಕೊಂದು ದುರಸ್ತಿಯಲ್ಲಿರುವ ಸೇತುವೆ, ಸಂತೆಯ ದಿನ ರಸ್ತೆಯ ತುಂಬ ಎತ್ತು ಗಾಡಿ ಇರುವಾಗ ನಿಲುಗಡೆಗಳೂ ಸೇರಿ ಗಂಟೆಗೆ 35 ಕಿ.ಮೀ. ಬಿದ್ದರೆ ಅದೇ ಹೆಚ್ಚು. ಬೆಳಕಿರುವ ಹೊತ್ತಿನಲ್ಲಿ ಅಲ್ಲಿ 300 ಕಿ.ಮೀ. ದಾಟುವುದು ಕಷ್ಟ, ಬೆಳಕು ಹೋದ ಮೇಲೆ ಓಡಿಸುವ ಮಾತನ್ನು ದಯವಿಟ್ಟು ಯೋಚಿಸಲೂ ಬೇಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎರಡನೆಯ ದಿನ ಆಂಬೋಲಿ ಘಾಟಿ ಹತ್ತಿ ಚಂದಗಡದ ಮೇಲೆ ಗಡಹಿಂಗ್ಲಜಕ್ಕೆ ಬರುವಾಗ ಸಂಜೆ ಆರೂಮುಕ್ಕಾಲು ಆಗಿತ್ತು. ಡಿಸೆಂಬರ್ ಎಂದರೆ ಆ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು. ಎದುರಿನಿಂದ ಬಂದ ಲಾರಿಯ ದೀಪ ಕಣ್ಣಿಗೆ ಹೊಡೆದು, ಅದು ಸರಿದು ಹೋದ ಕ್ಷಣದಲ್ಲಿ, ನನ್ನ ಹೆಲ್ಮೆಟ್ಟಿನ ಗಾಜಿನ ಮುಂದೆ ಒಂದು ಮಾರಿನಷ್ಟು ದೂರದಲ್ಲಿ ಕಬ್ಬಿನ ತುದಿಗಳು ತೂಗಾಡುತ್ತಿದ್ದವು. ಎರಡು ಟ್ರೇಲರ್ ಎಳೆದುಕೊಂಡು ಹೊರಟಿದ್ದ ಟ್ರ್ಯಾಕ್ಟರು. ಹಿಂದಿನ ಟ್ರೇಲರಿಗೆ ಒಂದು ದೀಪವೂ ಇರಲಿಲ್ಲ, ಬೆಳಕಿಗೆ ಹೊಳೆಯುವ ಪಟ್ಟಿಯೂ ಇರಲಿಲ್ಲ. ಬ್ರೇಕ್ ಹಿಡಿದು ಮಣ್ಣಿಗೆ ಇಳಿದು ನಿಂತೆ, ಬೀಳಲಿಲ್ಲ. ಆದರೆ ಅಂದು ರಾತ್ರಿ ಲಾಡ್ಜಿನಲ್ಲಿ ಕುಳಿತು ಉಳಿದ ದಿನಗಳ ಪಟ್ಟಿಯನ್ನೆಲ್ಲ ಹರಿದು ಹಾಕಿ, ಕಿಲೋಮೀಟರಿನ ಬದಲು ಸೂರ್ಯಾಸ್ತವನ್ನು ಲೆಕ್ಕಕ್ಕಿಟ್ಟುಕೊಂಡು ಹೊಸದಾಗಿ ಬರೆದೆ.

ಹಾಗೆ ಬರೆಯುವಾಗ ಇನ್ನೊಂದು ಸಂಗತಿ ತಿಳಿಯಿತು. ಮಹಾರಾಷ್ಟ್ರ ಪೂರ್ವ–ಪಶ್ಚಿಮವಾಗಿ ಬಹಳ ಉದ್ದದ ರಾಜ್ಯ. ಗುಜರಾತಿನ ಗಡಿಯ ತಲಾಸರಿಗೂ ತೆಲಂಗಾಣದ ಗಡಿಯ ಸಿರೋಂಚಾಕ್ಕೂ ಸುಮಾರು 7 ಡಿಗ್ರಿ ರೇಖಾಂಶದ ಅಂತರವಿದೆ. ಡಿಗ್ರಿಗೆ 4 ನಿಮಿಷದಂತೆ ಹಿಡಿದರೆ, ಸಿರೋಂಚಾದಲ್ಲಿ ಸೂರ್ಯ ಹೆಚ್ಚುಕಡಿಮೆ ಅರ್ಧ ಗಂಟೆ ಮೊದಲೇ ಮುಳುಗುತ್ತಾನೆ. ಡಿಸೆಂಬರ್ ನಡುವಿನಲ್ಲಿ ಮುಂಬಯಿಯಲ್ಲಿ ಸೂರ್ಯಾಸ್ತ ಆರು ಗಂಟೆಗೆ, ಗೋಂದಿಯಾದಲ್ಲಿ ಐದೂವರೆಗೇ. ಪುಣೆಯ ಅಭ್ಯಾಸದಲ್ಲಿ "ಇನ್ನೂ ಹೊತ್ತಿದೆ" ಎಂದುಕೊಂಡು ಚಹಾಕ್ಕೆ ನಿಂತರೆ ಕತ್ತಲೆಗೆ ಸಿಕ್ಕಿಕೊಳ್ಳುತ್ತೀರಿ. ಆಲಾಪಲ್ಲಿಯ ತೇಗದ ಕಾಡಿನೊಳಗೆ ಬೆಳಕು ಅದಕ್ಕೂ ಮುಂಚೆಯೇ ಕುಂದುತ್ತದೆ. ಆದ್ದರಿಂದ ರಾಜ್ಯದ ಪೂರ್ವ ಭಾಗವಾದ ವಿದರ್ಭದಲ್ಲಿ ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ನಾಲ್ಕೂವರೆಗೆ ಊರು ಸೇರಿಬಿಡಿ.

ಗಡಿಯ ಮೇಲೆಯೇ ಓಡುವ ರಸ್ತೆ ಎಲ್ಲಿಯೂ ಬಹಳ ದೂರ ಇಲ್ಲ. ಗಡಿ ಕೆಲವೆಡೆ ನದಿಯ ನಡುವೆ ಹೋಗುತ್ತದೆ, ಕೆಲವೆಡೆ ಹೊಲಗಳ ಬದುವಿನ ಮೇಲೆ. ನಾನು ಗಡಿ ಜಿಲ್ಲೆಗೆ ಒಂದೆರಡರಂತೆ ಗಡಿಗೆ ಹತ್ತಿರದ ಊರುಗಳನ್ನು ಗುರುತು ಮಾಡಿಕೊಂಡು, ಆ ಊರುಗಳನ್ನು ಮುಟ್ಟಿದರೆ ಸುತ್ತು ಪೂರ್ತಿ ಎಂದು ನಿಯಮ ಹಾಕಿಕೊಂಡಿದ್ದೆ: ಬಾಂದಾ, ಚಂದಗಡ, ಜತ್ತ, ಅಕ್ಕಲಕೋಟೆ, ಉಮರ್ಗಾ, ಉದಗೀರ, ದೇಗಲೂರು, ಕಿನವಟ, ಹೀಗೆ. ನೆರೆಯ ರಾಜ್ಯದ ರಸ್ತೆ ಸ್ವಲ್ಪ ದೂರ ಬಳಸಿಕೊಂಡರೆ ತಪ್ಪೇನೂ ಇಲ್ಲ. ನೆರೆಯಲ್ಲಿ ಗೋವಾ, ಕರ್ನಾಟಕ, ತೆಲಂಗಾಣ, ಛತ್ತೀಸಗಡ, ಮಧ್ಯಪ್ರದೇಶ, ಗುಜರಾತ್ ಎಂದು ಆರು ರಾಜ್ಯಗಳಿವೆ, ಜೊತೆಗೆ ದಾದ್ರಾ-ನಗರಹವೇಲಿ ಮತ್ತು ದಮನ್-ದೀವ್ ಕೇಂದ್ರಾಡಳಿತ ಪ್ರದೇಶವಿದೆ. ಅವುಗಳೊಳಗೆ ಒಂದು ಹೆಜ್ಜೆ ಇಡದೆ ಸುತ್ತುತ್ತೇನೆಂದರೆ ದಿನಗಳು ಇನ್ನೂ ಹೆಚ್ಚುತ್ತವೆ. ಜತ್ತ, ಅಕ್ಕಲಕೋಟೆಯ ಕಡೆ ನಕಾಶೆಗಿಂತ ನಮ್ಮ ಭಾಷೆ ಹೆಚ್ಚು ಉಪಯೋಗಕ್ಕೆ ಬಂತು. ಜತ್ತ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೀರು ಕೇಳಿದಾಗ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜ ನನ್ನ ನಂಬರ್ ಪ್ಲೇಟ್ ನೋಡಿ, "ಯಾವೂರಪ್ಪಾ ತಮ್ಮಾ? ಈ ರೋಡಿಗಿ ಹೋಗಬ್ಯಾಡ, ಮುಂದ ಹಳ್ಳದಾಗ ಸೇತುವಿ ಕೆಲಸ ನಡದೈತಿ, ಶಾಲಿ ಮುಂದಿನಿಂದ ಹೊಳ್ಳು" ಎಂದರು. ಆ ಒಂದು ಮಾತಿನಿಂದ ನನಗೆ ಒಂದು ಗಂಟೆ ಉಳಿಯಿತು.

ಗಡಚಿರೋಲಿಯ ತುದಿಯ, ಅಂದರೆ ಸಿರೋಂಚಾದ ಬಗ್ಗೆ ಕೇಳಿದ್ದೀರಿ. ಹೋಗಿ ಎಂದೇ ಹೇಳುತ್ತೇನೆ. ರಾಜ್ಯದ ಆಗ್ನೇಯ ಮೂಲೆ ಅದು. ಪ್ರಾಣಹಿತಾ ನದಿ ಗೋದಾವರಿಯನ್ನು ಕೂಡುವುದು ಅಲ್ಲಿಯೇ, ಆಚೆಯ ದಡದಲ್ಲಿ ತೆಲಂಗಾಣದ ಕಾಳೇಶ್ವರ. ಸಂಗಮದ ಮರಳಿನ ಮೇಲೆ ನಿಂತಾಗ ನನಗೆ ಮೊದಲ ಬಾರಿಗೆ ಈ ಸುತ್ತಿನ ಅಗಲ ಎಷ್ಟೆಂಬುದು ಮನಸ್ಸಿಗೆ ಬಂತು. ಆದರೆ ಆಲಾಪಲ್ಲಿಯಿಂದ ಅಲ್ಲಿಗೆ ಸುಮಾರು 100 ಕಿ.ಮೀ. ಕಾಡು ರಸ್ತೆ, ನಾನು ಹೋದಾಗ ಬಹುಪಾಲು ಗುಂಡಿ ಬಿದ್ದಿತ್ತು. ಅಹೇರಿ ಅಥವಾ ಆಲಾಪಲ್ಲಿಯಲ್ಲಿಯೇ ಟ್ಯಾಂಕ್ ತುಂಬಿಸಿಕೊಳ್ಳಿ. ನಕ್ಸಲ್ ಸಮಸ್ಯೆಯನ್ನು ದೀರ್ಘಕಾಲ ಕಂಡ ಜಿಲ್ಲೆಯಾದ್ದರಿಂದ ದಾರಿಯಲ್ಲಿ ತಪಾಸಣೆ ಇರುತ್ತದೆ. ಎಲ್ಲಿಗೆ, ಏಕೆ ಎಂದು ಕೇಳಿದರೆ ನೇರವಾಗಿ ಹೇಳಿ, ಪೊಲೀಸ್ ಠಾಣೆಗಳ ಫೋಟೋ ತೆಗೆಯಬೇಡಿ. ಹೋಗುವುದಕ್ಕೆ ಒಂದು ದಿನ, ಮರಳುವುದಕ್ಕೆ ಒಂದು ದಿನ ಎಂದೇ ಇಟ್ಟುಕೊಳ್ಳಿ.

ಔಂಧದಿಂದ ಒಬ್ಬರು:

ಮೇಲಿನವರು ಬೈಕಿನ ತಯಾರಿಯ ಬಗ್ಗೆ ಬರೆದಿಲ್ಲವಾದ್ದರಿಂದ ನನ್ನ ಅನುಭವವನ್ನು ಸೇರಿಸುತ್ತೇನೆ. ನಾನು ಹೆಣ್ಣುಮಗಳು, ಒಬ್ಬಳೇ ಓಡಿಸುತ್ತೇನೆ, ಮತ್ತು ಗಡಿ ಸುತ್ತನ್ನು ಅರ್ಧ ಮಾತ್ರ, ಸೊಲ್ಲಾಪುರದಿಂದ ಗೋಂದಿಯಾದವರೆಗೆ, ಮಾಡಿದ್ದೇನೆ. ಕಿನವಟದಿಂದ ಮಾಹೂರಿಗೆ ಹೋಗುವಾಗ ಕ್ಲಚ್ ಕೇಬಲ್ ಹ್ಯಾಂಡಲಿನ ಹತ್ತಿರ ಕಿತ್ತುಹೋಯಿತು. ಹೊರಡುವ ಮುಂಚೆ ಸರ್ವೀಸ್ ಮಾಡಿದವರು ಕೇಬಲ್ ನೋಡಿದ್ದೇವೆ, ಚೆನ್ನಾಗಿದೆ ಎಂದಿದ್ದರು. ಅದೃಷ್ಟಕ್ಕೆ ನನಗೆ ಹಿಂದೆ ಒಬ್ಬ ಹಿರಿಯ ಸವಾರರು ಕಲಿಸಿದ್ದ ಉಪಾಯವನ್ನು ಪಾಲಿಸಿದ್ದೆ: ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲಿಯೇ ಹಾಯಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿಟ್ಟು, ಎರಡು ತುದಿಗಳಿಗೂ ಟೇಪು ಸುತ್ತಿಟ್ಟಿದ್ದೆ. ಟ್ಯಾಂಕ್ ಬಿಚ್ಚುವ ಕೆಲಸವೇ ಬೀಳಲಿಲ್ಲ. ಎರಡು ತುದಿ ಸಿಕ್ಕಿಸಿ, ಹಿಡಿಯ ಬಳಿಯ ತಿರುಪಿನಿಂದ ಸಡಿಲು ಸರಿಮಾಡಿಕೊಂಡು ಇಪ್ಪತ್ತು ನಿಮಿಷದಲ್ಲಿ ಮತ್ತೆ ಹೊರಟೆ. ಮಾಹೂರಿನ ರೇಣುಕೆಯ ದರ್ಶನವೂ ಅಂದೇ ಆಯಿತು. ಸವದತ್ತಿಯ ಎಲ್ಲಮ್ಮನ ಒಕ್ಕಲಿನ ಮನೆಯವಳಾದ ನನಗೆ ಅದು ದೊಡ್ಡದು.

ಚೈನಿಗೆ 500 ಕಿ.ಮೀ.ಗೊಮ್ಮೆ ಎಣ್ಣೆ ಹಾಕಿ, ಸಂಜೆ ಚೈನ್ ಬಿಸಿಯಿರುವಾಗಲೇ ಹಾಕಿದರೆ ಒಳಗೆ ಇಳಿಯುತ್ತದೆ. ಡಿಸೆಂಬರಿನಲ್ಲಿ ಪೂರ್ವ ವಿದರ್ಭದ ಬೆಳಗಿನ ಚಳಿ ಪುಣೆಯ ಚಳಿಗಿಂತ ಕಠಿಣ; ಜಾಕೆಟ್ಟಿನೊಳಗೆ ಗಾಳಿ ತಡೆಯುವ ಒಂದು ಪದರ ಬೇಕು, ಕೈಗವಸು ದಪ್ಪನೆಯದಿರಲಿ. ವಸತಿಯ ವಿಷಯದಲ್ಲಿ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹತ್ತಿರದ ಲಾಡ್ಜುಗಳನ್ನು ನಾನು ಹಗಲಿನಲ್ಲಿಯೇ ನೋಡಿ ಒಪ್ಪಿಕೊಂಡೆ, ಬೈಕನ್ನು ಒಳಗೆ ನಿಲ್ಲಿಸಲು ಜಾಗವಿದ್ದರೆ ಮಾತ್ರ.

ಮುಂಬಯಿ ಪಕ್ಕದ ಠಾಣೆ ನಗರದಿಂದ ಒಬ್ಬರು:

ಕರಾವಳಿಯನ್ನು ಬಿಟ್ಟರೆ ಸುತ್ತು ಪೂರ್ತಿಯಾಯಿತೆಂದು ನಾನು ಒಪ್ಪುವುದಿಲ್ಲ, ಏಕೆಂದರೆ ಸಮುದ್ರವೂ ಈ ರಾಜ್ಯದ ಗಡಿಯೇ. ಸಾಗರಿ ರಸ್ತೆಯಲ್ಲಿ ಆಗರದಾಂಡಾ–ದಿಘಿ, ಬಾಗಮಾಂಡಲಾ–ವೇಸವಿ, ದಾಭೋಳ–ಧೋಪಾವೆ, ತವಸಾಳ–ಜಯಗಡ ಖಾಡಿಗಳನ್ನು (ಒಳನಾಡಿಗೆ ಚಾಚಿದ ಸಮುದ್ರದ ಕವಲುಗಳನ್ನು) ಫೆರಿಯಲ್ಲಿ ದಾಟಬಹುದು, ಬೈಕು ಹತ್ತಿಸಿಕೊಳ್ಳುತ್ತಾರೆ. ಫೆರಿ ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಆದ್ದರಿಂದ ದಿನಕ್ಕೆ ಎರಡು ಖಾಡಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಇದಕ್ಕೆ ಇನ್ನೂ ಮೂರು ದಿನ ಬೇಕು.

ಉತ್ತರದಲ್ಲಿ ನವಾಪುರ ನಿಲ್ದಾಣವನ್ನು ನೋಡದೆ ಬರಬೇಡಿ. ಒಂದೇ ರೈಲು ನಿಲ್ದಾಣದ ಒಂದು ಭಾಗ ಮಹಾರಾಷ್ಟ್ರದಲ್ಲಿ, ಇನ್ನೊಂದು ಭಾಗ ಗುಜರಾತಿನಲ್ಲಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆಯೇ ಗಡಿ ಹಾದುಹೋಗುತ್ತದೆ. ಗಡಿಯನ್ನು ಕೈಯಿಂದ ಮುಟ್ಟಬಹುದಾದ ಇಂಥ ಜಾಗ ನನ್ನ ದಾರಿಯಲ್ಲಿ ಬೇರೆ ಸಿಗಲಿಲ್ಲ. ಮರಳುವಾಗ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ, ಅಟಲ್ ಸೇತು, ಸಮೃದ್ಧಿ ಮಹಾಮಾರ್ಗ ಇವು ಮೂರರಲ್ಲಿಯೂ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಕಾಶೆ ಅತ್ತ ತೋರಿಸಿದರೆ ನಂಬಬೇಡಿ.

ದಾಖಲೆಯ ವಿಷಯ. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ನಿನ ಸ್ಯಾಡಲ್‌ಸೋರ್ 1000 ಸವಾಲಿನಲ್ಲಿ 24 ಗಂಟೆಯಲ್ಲಿ 1,000 ಮೈಲಿ, ಅಂದರೆ ಸುಮಾರು 1,610 ಕಿ.ಮೀ., ಓಡಿಸಬೇಕು, ಅಲ್ಲಿ ಸಮಯ ಮತ್ತು ಊರು ನಮೂದಾದ ಪೆಟ್ರೋಲ್ ರಸೀದಿಗಳೇ ಮುಖ್ಯ ಪುರಾವೆ. ಆ ಪದ್ಧತಿಯನ್ನು ಮಾತ್ರ ತೆಗೆದುಕೊಳ್ಳಿ, ಆ ವೇಗವನ್ನಲ್ಲ. ಪಂಪಿನ ರಸೀದಿ ಬಿಸಿಗೆ ಅಕ್ಷರ ಮಾಸುವ ಕಾಗದದ್ದು, ಟ್ಯಾಂಕ್ ಬ್ಯಾಗಿನಲ್ಲಿಟ್ಟ ನನ್ನ ನಾಲ್ಕು ರಸೀದಿಗಳು ವಾರದೊಳಗೆ ಬಿಳಿಯಾಗಿದ್ದವು. ಕೈಗೆ ಬಂದ ಕೂಡಲೇ ಓಡೋಮೀಟರಿನ ಪಕ್ಕದಲ್ಲಿ ಹಿಡಿದು ಒಂದೇ ಫೋಟೋ ತೆಗೆದುಕೊಳ್ಳಿ.

ಪಣಜಿಯಿಂದ ಒಬ್ಬರು:

ಹೊರಡುವ ಮೊದಲು ಗೋವಾದ ಗಡಿಯನ್ನು ಒಮ್ಮೆ ಸುತ್ತಿ ನೋಡಿ: ಪತ್ರಾದೇವಿ, ದೋಡಾಮಾರ್ಗ, ಚೋರ್ಲಾ ಘಾಟಿಯ ಬುಡದ ಕೇರಿ, ಮೊಲೆಮ್, ಕೊನೆಗೆ ಕಾರವಾರದ ದಿಕ್ಕಿನ ಪೋಳೆಂ. ಎರಡು ದಿನದ ಕೆಲಸ. ಪೂರ್ತಿ ಸಾಮಾನು ಕಟ್ಟಿಕೊಂಡು ಹೋಗಿ. ಯಾವ ಚೀಲ ಜಾರುತ್ತದೆ, ಯಾವ ಸೀಟು ನೋಯಿಸುತ್ತದೆ, ಜೊತೆಯವರ ವೇಗ ಹೊಂದುತ್ತದೆಯೇ ಎಂಬುದೆಲ್ಲ ಇಲ್ಲಿಯೇ ಗೊತ್ತಾಗಲಿ. ಇನ್ನೊಂದು ಮಾತು: ಕರ್ನಾಟಕದ ನೋಂದಣಿಯ ಬೈಕು 12 ತಿಂಗಳಿಗಿಂತ ಹೆಚ್ಚು ಕಾಲ ಪುಣೆಯಲ್ಲಿದ್ದರೆ, 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ನೋಂದಣಿ ಪಡೆಯಬೇಕು. ಅದನ್ನು ಹೊರಡುವ ಮುಂಚೆ ಮುಗಿಸಿಕೊಳ್ಳಿ.

ಕೇಳಿದವರು ಮತ್ತೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಹೋದ್ಯೋಗಿಯೊಡನೆ ಕುಳಿತು ಪಟ್ಟಿಯನ್ನು ಹೊಸದಾಗಿ ಬರೆದೆವು. ರಜೆಯನ್ನು 14 ದಿನಕ್ಕೆ ಹೆಚ್ಚಿಸಿಕೊಂಡಿದ್ದೇವೆ, ಕರಾವಳಿಯನ್ನು ಬೇರೆಯಾಗಿ ಫೆಬ್ರವರಿಯಲ್ಲಿ ಮಾಡುತ್ತೇವೆ. ಗೋಂದಿಯಾದ ನಂತರ ರಾಮಟೇಕ, ಪರತವಾಡಾ, ಆಮೇಲೆ ಮೇಳಘಾಟಿನ ಧಾರಣಿಯ ಮೇಲೆ ಒಂದೇ ದಿನದಲ್ಲಿ ಶಿರಪುರ ತಲುಪಿ, ಮರುದಿನ ನವಾಪುರ ಎಂದು ಇಟ್ಟಿದ್ದೇವೆ. ಇದು ಸರಿಯೇ?

ಪಿಂಪ್ರಿಯವರು:

ಉಳಿದದ್ದೆಲ್ಲ ಸರಿಯಾಗಿದೆ, ಪರತವಾಡಾದಿಂದ ಶಿರಪುರದ ದಿನ ಮಾತ್ರ ಸರಿಯಿಲ್ಲ. ಮೇಳಘಾಟಿನ ತಿರುವುಗಳಲ್ಲಿಯೇ ನಿಮ್ಮ ಬೆಳಗಿನ ಹೊತ್ತು ಕಳೆಯುತ್ತದೆ. ಹುಲಿ ಅಭಯಾರಣ್ಯದ ರಸ್ತೆಯಾದ್ದರಿಂದ ಅಲ್ಲಿ ವೇಗವಾಗಿ ಓಡಿಸುವಂತೆಯೂ ಇಲ್ಲ. ಅಂದು ಮಧ್ಯಪ್ರದೇಶದ ಬುರ್ಹಾನಪುರದಲ್ಲಿ ಉಳಿದುಕೊಂಡು, ಮರುದಿನ ರಾವೇರ, ಚೋಪಡಾದ ಮೇಲೆ ಶಿರಪುರಕ್ಕೆ ಹೋಗಿ. ದಿನ 15 ಆಗುತ್ತದೆ, ಅದಕ್ಕೂ ರಜೆ ಕೇಳಿಕೊಳ್ಳಿ.