ಸಹಾಯ ಬೇಕು: ಉಪಗ್ರಹ ಚಿತ್ರದಲ್ಲಿ ಮೀನುಗಾರಿಕೆ ಬೋಟ್ ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಲ್ಪೆಯಿಂದ ಕಾರವಾರದವರೆಗಿನ ಕಡಲಲ್ಲಿ ರಾತ್ರಿ ಲೈಟ್ ಫಿಶಿಂಗ್ (ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವುದು) ಎಲ್ಲೆಲ್ಲಿ ನಡೆಯುತ್ತಿದೆ ಎಂಬ ನಕ್ಷೆ ಮಾಡಲು ಹೊರಟಿದ್ದೇನೆ. 2017ರಲ್ಲೇ ಕೇಂದ್ರ ಇದನ್ನು ನಿಷೇಧಿಸಿದೆ. ಆದರೆ ಪಾಲನೆ ಎಷ್ಟು ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ!

ಜಗತ್ತಿನ ಮೀನುಗಾರಿಕೆ ಹಡಗುಗಳ ಮೇಲೆ ಕಣ್ಣಿಡುವ ಗ್ಲೋಬಲ್ ಫಿಶಿಂಗ್ ವಾಚ್ ನಕ್ಷೆ ನೋಡಿದೆ. ಅದು ಮುಖ್ಯವಾಗಿ ಎಐಎಸ್ (ಹಡಗು ತಾನಿರುವ ಜಾಗವನ್ನು ತಾನೇ ಪ್ರಸಾರ ಮಾಡುವ ಸಾಧನ) ಸಿಗ್ನಲ್ ನಂಬಿಕೊಂಡಿದೆ. ನಮ್ಮ ಸಣ್ಣ ಬೋಟ್‌ಗಳಲ್ಲಿ ಹೆಚ್ಚಿನವು ಅದನ್ನು ಹಾಕುವುದೇ ಇಲ್ಲ, ಹಾಗಾಗಿ ಕಡಲು ಖಾಲಿ ಇದ್ದಂತೆ ಕಾಣುತ್ತದೆ. ಬೋಟ್ ಇರುವ ಜಾಗವನ್ನು ಉಪಗ್ರಹದ ಮೂಲಕ ತಿಳಿಸುವ, ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳು ಬಂದಿವೆ, 1 ಲಕ್ಷ ಬೋಟ್‌ಗೆ ಕೊಡುವ ಯೋಜನೆ ಅದು. ಆದರೆ ಅದರ ಮಾಹಿತಿ ನಮ್ಮಂಥವರ ಕೈಗೆ ಸಿಗುವಂಥದ್ದಲ್ಲ, ಸಿಗಬಾರದು ಕೂಡ. ಮೀನು ಸಿಗುವ ಜಾಗ ಊರಿಗೆಲ್ಲ ಗೊತ್ತಾದರೆ ಯಾವ ತಂಡೇಲ (ಬೋಟ್ ನಡೆಸುವವ) ಒಪ್ಪುತ್ತಾನೆ?

ಉಳಿದಿರುವುದು ಎರಡು ದಾರಿ. ವಿಐಐಆರ್‌ಎಸ್ ಎಂಬ ಉಪಗ್ರಹ ಸಾಧನದ ರಾತ್ರಿಬೆಳಕಿನ ದತ್ತಾಂಶದಲ್ಲಿ ಪ್ರಖರ ದೀಪ ಕಾಣುತ್ತದೆ, ಮೋಡ ಬಂದರೆ ಮುಗಿಯಿತು. ಸೆಂಟಿನೆಲ್-1 ಉಪಗ್ರಹದ ರಾಡಾರ್‌ಗೆ ಮೋಡದ ಹಂಗಿಲ್ಲ, ಆದರೆ ಸಣ್ಣ ಬೋಟ್‌ಗಳು ಅಲೆಯ ಗದ್ದಲದಲ್ಲಿ ಕಳೆದುಹೋಗುತ್ತವೆ.

ಸೆಂಟಿನೆಲ್-1 ಚಿತ್ರದಲ್ಲಿ ಹಡಗು ಪತ್ತೆ ಮಾಡಿದವರು ಯಾರಾದರೂ ಇದ್ದೀರಾ? ಹೊಳಪಿನ ಮಿತಿ ಎಷ್ಟಿಟ್ಟರೆ ಅಲೆ ಬೇರೆ, ಬೋಟ್ ಬೇರೆ ಆಗುತ್ತದೆ? ಸರಕು ಹಡಗಿನ ದೀಪವನ್ನು ಹೇಗೆ ತೆಗೆದುಹಾಕುತ್ತೀರಿ? ಇನ್ನು ಪರ್ಸೀನ್ (ಸುತ್ತುಬಲೆ), ಟ್ರಾಲ್ (ಎಳೆಬಲೆ) ಬೋಟ್‌ನವರು ಇದ್ದರೆ, ಹುಣ್ಣಿಮೆ ಹತ್ತಿರ ಲೈಟ್ ಹಾಕುವುದು ಕಡಿಮೆ ಎನ್ನುವುದು ಇಲ್ಲಿಗೂ ಸರಿಯೇ ಎಂದು ತಿಳಿಸಿ. ಬೋಟ್ ಹೆಸರು, ಜಾಗ ಯಾವುದೂ ಬೇಡ.

ಗೂಗಲ್ ಅರ್ಥ್ ಎಂಜಿನ್ (ಉಪಗ್ರಹ ಚಿತ್ರ ವಿಶ್ಲೇಷಿಸುವ ಆನ್‌ಲೈನ್ ವೇದಿಕೆ) ಕೋಡ್ ಇದ್ದರೆ ಕಾಮೆಂಟಿನಲ್ಲಿ ಹಾಕಿ.